ಬೋರಲು ಬಟ್ಟಲಿನ ಬಲಕ್ಕೆ

ಮನೆ, ಅಡುಗೆಮನೆಯ ಮೇಜು
ಹನ್ನೊಂದನೆಯ ತಾರೀಖು, ಗುರುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯೆ? ಗಂಟಲು ನೋವು ಇಳಿಯಿತೇ? ಹೋದ ಸಲ ಫೋನಿನಲ್ಲಿ ನಿನ್ನ ದನಿ ಕೇಳಿದಾಗ ಯಾರೋ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗಿತ್ತು. ಬಿಸಿನೀರು ಕುಡಿ ಎಂದರೆ "ಕುಡೀತೀನಿ ಅತ್ತೆ, ಕುಡೀತೀನಿ" ಎನ್ನುತ್ತೀಯ, ಕುಡಿಯುವುದಿಲ್ಲ, ನನಗೆ ಗೊತ್ತು. ನಿನಗೆ ಕೊಟ್ಟಿರುವ ಕೋಣೆಯ ಕಿಟಕಿ ಪೂರ್ತಿ ಮುಚ್ಚುವುದಿಲ್ಲ ಎಂದು ಬರೆದಿದ್ದೆ. ಸಂದಿಗೆ ಹಳೆಯ ಬಟ್ಟೆ ತುರುಕು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಾನು ಹೊಲಿದು ಕಳಿಸಿದ ದಪ್ಪ ಕೋಟು ತಲುಪಿತೇ? ತೋಳು ಸರಿಯಾಗಿ ಕೂತಿದೆಯೇ ನೋಡಿ ಬರೆ. ಕಂಕುಳಲ್ಲಿ ಹಿಡಿದರೆ ಹೊಲಿಗೆಯೊಳಗೆ ಬಟ್ಟೆ ಬಿಟ್ಟಿದ್ದೇನೆ, ಬಿಚ್ಚಿ ಸಡಿಲ ಮಾಡಿಕೊಳ್ಳಬಹುದು. ನೀನು ಅಳತೆಗೆಂದು ಹೋಗಿರುವ ಆ ದೊಡ್ಡ ಉಂಗುರದಂಥ ಯಂತ್ರದಲ್ಲಿ, ಅದು ಹುಟ್ಟಿಸುವ ಬೆಳಕಿಗಾಗಿ ಎಲ್ಲರೂ ಸರದಿ ಕಾಯಬೇಕು, ಸರದಿ ಬಂದಾಗ ಊಟ ನಿದ್ದೆ ಎರಡೂ ಮರೆತುಹೋಗುತ್ತವೆ ಎಂದೆಯಲ್ಲ. ನಿದ್ದೆ ಬೇಕಾದರೆ ಮರೆ. ಊಟ ಮರೆತದ್ದು ಗೊತ್ತಾದರೆ ನಾನೇ ಬಂದು ಆ ಉಂಗುರದ ಬಾಗಿಲಲ್ಲಿ ಕೂರುತ್ತೇನೆ. ಹೆದರಿಸುತ್ತಿಲ್ಲ, ಹೇಳುತ್ತಿದ್ದೇನೆ.

ಇಲ್ಲಿ ನನ್ನ ಮಂಡಿ ಇದ್ದ ಹಾಗೇ ಇದೆ. ಹೊಲಿಗೆ ಯಂತ್ರ ತುಳಿಯುವಾಗ ಅದೂ ನಾನೂ ಜೊತೆಗೇ ಕಿರುಗುಟ್ಟುತ್ತೇವೆ. ಕೆಳಮನೆಯ ದಾದಿ ಆಸ್ಪತ್ರೆಯಿಂದ ಬರುವಾಗಲೆಲ್ಲ ಮೆಟ್ಟಿಲ ಮೇಲೆ ನಿಂತು ನಿನ್ನನ್ನು ಕೇಳುತ್ತಾಳೆ. ನಿನ್ನ ಗಂಡ ಚಹಾ ಪಾತ್ರೆಯನ್ನು ಮತ್ತೆ ಸೀಯಿಸಿದ. ಕುಲುಮೆಯಲ್ಲಿ ಲೋಹ ಕಾಯಿಸಿ ಆವಿ ಮಾಡುವ ಮನುಷ್ಯನಿಗೆ ಒಂದು ಲೋಟ ಹಾಲು ಉಕ್ಕದ ಹಾಗೆ ಕಾಯಿಸಲು ಬರುವುದಿಲ್ಲ. ಹೀಗೆ ಬರೆಯುತ್ತಾ ಹೋದರೆ ಹಾಳೆ ತುಂಬುತ್ತದೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಮೊನ್ನೆಯಿಂದ ಬರೆಯಲು ಕೂತು ಏಳುತ್ತಿದ್ದೇನೆ. ಫೋನಿನಲ್ಲೇ ಹೇಳಿಬಿಡೋಣವೆಂದರೆ ನೀನು "ಅತ್ತೆ" ಎಂದ ಕೂಡಲೇ ನನ್ನ ಬಾಯಿ ಕಟ್ಟಿಹೋಗುತ್ತದೆ. ಹೋದ ಸಲ ನೀನು ಮಾತಾಡುತ್ತಿದ್ದಾಗ ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಫೋನು ಕೆಳಗಿಟ್ಟೆನಲ್ಲ, ಒಲೆಯ ಮೇಲೆ ಏನೂ ಇರಲಿಲ್ಲ. ನಿನಗೆ ಮುಖ ಕೊಟ್ಟು ಮಾತಾಡುವ ಯೋಗ್ಯತೆ ಕಳೆದುಕೊಂಡಿದ್ದೇನೆ ಮಗಳೇ.

ನೀನು ಹೊರಡುವ ಮುಂಚಿನ ಭಾನುವಾರ ನೆನಪಿದೆಯೇ? ನಿನ್ನ ಗಂಡ ಊರಲ್ಲಿರಲಿಲ್ಲ. ಊಟವಾದ ಮೇಲೆ ಇದೇ ಮೇಜಿಗೆ ಈ ಕಡೆ ನಾನು, ಎದುರು ಕಡೆ ನೀನು. ಆವತ್ತು ನೀನು ಹೇಳಿದ್ದನ್ನು ನಿನಗೇ ತಿರುಗಿ ಹೇಳುತ್ತಿದ್ದೇನೆ, ನಗಬೇಡ. ನನಗೆ ಎಷ್ಟು ಅರ್ಥವಾಯಿತು, ಎಲ್ಲಿ ತಪ್ಪಿತು ಎನ್ನುವುದರಲ್ಲೇ ಈ ಕಥೆಯೆಲ್ಲ ಇದೆ. ಗೋಡೆಗೆ ಬಳಿಯುವ ಸುಣ್ಣದಲ್ಲಿ, ನನ್ನ ಸವೆದ ಮಂಡಿಯಲ್ಲಿ ಇರುವ ಅದೇ ಕ್ಯಾಲ್ಸಿಯಂ. ಅದರ ಲೋಹದ ಚೂರುಗಳನ್ನು ಉಕ್ಕಿನ ಕೊಳವೆಯೊಳಗಿಟ್ಟು ಕೆಂಪಗೆ ಕಾಯಿಸಿದರೆ ಆವಿಯಾಗುತ್ತದೆ. ಒಂದು ತುದಿಯಿಂದ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬಿಟ್ಟು, ಇನ್ನೊಂದು ತುದಿಯಲ್ಲಿ ಯಾವ ಬೆಳಕು ಬಂದು ಸೇರಲಿಲ್ಲ ಎಂದು ನೋಡುವುದು ನಿಮ್ಮ ಕೆಲಸ. ಬಂದವರನ್ನು ಬಿಟ್ಟು ಬಾರದವರನ್ನು ವಿಚಾರಿಸುವ ಕೆಲಸ ಎಂದು ನಾನು ತಮಾಷೆ ಮಾಡಿದೆ. ಕ್ಯಾಲ್ಸಿಯಂ ಪರಮಾಣುವಿನ ಹೊರಸುತ್ತಿನಲ್ಲಿ ಎರಡು ಎಲೆಕ್ಟ್ರಾನು. ಬೆಳಕು ಹೀರಿಕೊಂಡು ಸಾಮಾನ್ಯವಾಗಿ ಒಂದೇ ಮೇಲಕ್ಕೆ ಹಾರುತ್ತದೆ. ಅಪರೂಪಕ್ಕೆ ಎರಡೂ ಒಟ್ಟಿಗೆ ಏರುತ್ತವೆ. ಆಗ ಎರಡರ ಶಕ್ತಿಯೂ ಸೇರಿ, ಒಂದು ಎಲೆಕ್ಟ್ರಾನು ಮನೆ ಬಿಟ್ಟು ಹೋಗಲು ಬೇಕಾದ್ದಕ್ಕಿಂತ ಹೆಚ್ಚಾಗಿಬಿಡುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಒಂದು ತಣ್ಣಗಾಗಿ ಕೆಳಗಿಳಿಯುತ್ತದೆ, ಅದು ಬಿಟ್ಟ ಶಕ್ತಿಯನ್ನೂ ಹೊತ್ತುಕೊಂಡು ಇನ್ನೊಂದು ಹೊರಗೆ ಎಗರಿಹೋಗುತ್ತದೆ. ಯಾರೂ ತಳ್ಳಬೇಕಿಲ್ಲ, ತಾನೇ ಒಡೆಯುತ್ತದೆ. "ಅಯ್ಯೋ, ಇದು ಅತ್ತೆ-ಸೊಸೆ ಕಥೆ ಕಣೇ. ಇಬ್ಬರಿಗೂ ಒಟ್ಟಿಗೆ ಸಿಟ್ಟು ನೆತ್ತಿಗೇರಿದರೆ, ಒಬ್ಬಳು ತಣ್ಣಗಾಗೋ ಹೊತ್ತಿಗೆ ಇನ್ನೊಬ್ಬಳು ಗೇಟಿನಾಚೆ ಇರ್ತಾಳೆ" ಎಂದೆ ನಾನು. ಚಹಾ ಮೂಗಿಗೇರಿ ಕೆಮ್ಮುವಷ್ಟು ನಕ್ಕೆ ನೀನು. ಕೆಮ್ಮುತ್ತಲೇ "ಇದಕ್ಕಿಂತ ಚೆನ್ನಾಗಿ ನಮ್ಮ ಮೇಷ್ಟ್ರಿಗೂ ಹೇಳೋಕೆ ಬರಲ್ಲ" ಎಂದೆ. ನಿಮ್ಮಿಬ್ಬರ ಪ್ರಯೋಗಾಲಯದ ಹಿರಿಯರಿಗಿಂತ ಮೇಲೆ ನನ್ನನ್ನು ಕೂರಿಸಿದೆಯಲ್ಲ, ಆವತ್ತೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆಮೇಲೆ ಓರೆಪ್ಪನ ವಿಷಯ ಬಂತು. ಆವಿ ಎಷ್ಟು ಬೆಳಕು ನುಂಗಿತು ಎಂದು ಬರೆಯುವ ಚಿತ್ರದಲ್ಲಿ ಉಳಿದ ರೇಖೆಗಳೆಲ್ಲ ಎರಡು ಮಗ್ಗುಲಿಗೂ ಒಂದೇ ಸಮ ಇಳಿದರೆ, ಇದೊಂದಕ್ಕೆ ಒಂದು ಕಡೆ ಗುಡ್ಡ, ಒತ್ತಿನಲ್ಲೇ ಹಳ್ಳ. ಅದಕ್ಕೇ ನಾವಿಬ್ಬರೂ ಅದನ್ನು ಓರೆಪ್ಪ ಎಂದು ಕರೆದದ್ದು. ಕಾಗದ ಕೈಗೆ ಸಿಗದೆ ನೀನು ಒಂದು ಬಟ್ಟಲನ್ನು ಮೇಜಿನ ಮೇಲೆ ಬೋರಲು ಹಾಕಿದೆ, ಅದು ಗುಡ್ಡ, ಆವಿ ಬೆಳಕನ್ನು ಜಾಸ್ತಿ ನುಂಗುವ ಜಾಗ. ಪಕ್ಕದಲ್ಲಿ ಇನ್ನೊಂದನ್ನು ನೆಟ್ಟಗೆ ಇಟ್ಟೆ, ಅದು ಹಳ್ಳ, ಬೆಳಕು ಆವಿಯೊಳಗಿಂದ ಸಲೀಸಾಗಿ ದಾಟಿಹೋಗುವ ಜಾಗ. ಎಲೆಕ್ಟ್ರಾನಿಗೆ ಹೊರಗೆ ಹೋಗಲು ಎರಡು ದಾರಿ. ನೇರವಾಗಿ ಹೋಗುವುದು ಒಂದು, ಇಬ್ಬರೂ ಮೇಲೇರಿ ಕೂತು ಆಮೇಲೆ ಹೋಗುವುದು ಇನ್ನೊಂದು. ಗುಡ್ಡದಲ್ಲಿ ಎರಡು ದಾರಿಯೂ ಕೈಜೋಡಿಸುತ್ತವೆ, ಹಳ್ಳದಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. "ಬೆಳಕಿನ ಶಕ್ತಿ ಹೀಗೆ ಏರ್ತಾ ಹೋಗುತ್ತೆ" ಎಂದು ಮೇಜಿನ ಮೇಲೆ ಕೈ ಸವರಿ ತೋರಿಸಿದೆ. ಹಳ್ಳ ಗುಡ್ಡಕ್ಕಿಂತ ಮುಂಚೆ ಬರುತ್ತದೋ ಆಮೇಲೆ ಬರುತ್ತದೋ ಎನ್ನುವುದರಲ್ಲೇ ಆ ಪರಮಾಣುವಿನ ಗುಟ್ಟೆಲ್ಲ ಇದೆ ಎಂದೂ ಹೇಳಿದೆ. ಅದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನನ್ನ ಕಣ್ಣೆಲ್ಲ ನಿನ್ನ ಮುಖದ ಮೇಲಿತ್ತು. ಅಷ್ಟು ಖುಷಿಯಲ್ಲಿ ನಿನ್ನನ್ನು ನೋಡಿ ಬಹಳ ದಿನವಾಗಿತ್ತು.

ನಿನ್ನ ಗಂಡ ಚಿತ್ರವನ್ನು ಸರಿಯಾಗಿ ನೋಡದೆಯೇ ಆ ಹಳ್ಳವನ್ನು ದೀಪದ ದೋಷ ಎಂದುಬಿಟ್ಟಿದ್ದ. ನೀನು ಅವನೊಡನೆ ವಾದ ಮಾಡದೆ ದೀಪವನ್ನೇ ಬದಲಾಯಿಸಿದೆ. ಕೊಳವೆಯ ತುದಿಯ ಗಾಜು ಮಸುಕಾಗಿರಬಹುದೆಂದು ಅದನ್ನೂ ಬಿಚ್ಚಿ ಒರೆಸಿ ಹಾಕಿದೆ. ಓರೆಪ್ಪ ಜಪ್ಪಯ್ಯ ಎನ್ನಲಿಲ್ಲ. "ಯಾರಿಗೂ ಹೇಳಬೇಡಿ ಅತ್ತೆ, ಅವರಿಗೂ ಬೇಡ. ಅಲ್ಲಿ ಇನ್ನೊಂದು ಸಲ ಅಳೆದು ಗಟ್ಟಿಯಾದ ಮೇಲೆ ನಾನೇ ಹೇಳ್ತೀನಿ" ಎಂದು ಹಳೆಯ ಅಳತೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಕೊಂಡು ಹೊರಟೆ. ಬಾಯಿಗೆ ಬೀಗ ಹಾಕಿಕೊಂಡೆ ಎಂದು ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದ್ದೆ. ಆ ಬೀಗ ಎಷ್ಟು ದಿನ ಬಾಳಿತು ಎಂದು ಬರೆಯಲೂ ನಾಚಿಕೆಯಾಗುತ್ತದೆ.

ಒಂದು ಸಂಜೆ ಊಟಕ್ಕೆ ಕೂತಾಗ ನನ್ನ ಮಗರಾಯ "ದೀಪದ ದೋಷ ಅಳೆಯೋಕೆ ಅಷ್ಟು ದೂರ ಹೋಗಿ ಕೂತಿದ್ದಾಳೆ" ಎಂದು ನಕ್ಕ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಆದರೆ ಆ ನಗು ನನಗೆ ಹಿಡಿಸಲಿಲ್ಲ. ನನ್ನ ಸೊಸೆಯನ್ನು ನನ್ನ ಮೇಜಿನ ಮುಂದೆಯೇ ಕೂತು ಗೇಲಿ ಮಾಡುವವನು ಯಾರು ಎಂದು ಸಿಟ್ಟು ಏರಿತು. ದೀಪ ಬದಲಾಯಿಸಿದ್ದು, ಗಾಜು ಒರೆಸಿದ್ದು, ಎರಡು ದಾರಿ, ಅತ್ತೆ-ಸೊಸೆ, ಎಲ್ಲವನ್ನೂ ಅವನ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಸಾಲದ್ದಕ್ಕೆ ಎರಡು ಬಟ್ಟಲು ತಂದು ನನ್ನ ಮುಂದೆ ಇಟ್ಟುಕೊಂಡೆ, ಆ ಭಾನುವಾರ ನನಗೆ ಹೇಗೆ ಕಂಡಿತ್ತೋ ಹಾಗೆ. ಅವನು ಊಟ ಬಿಟ್ಟು ಎದ್ದುಬಂದು ನನ್ನ ಹೆಗಲ ಹಿಂದೆ ನಿಂತು ನೋಡಿದ. "ಇನ್ನೊಂದು ಸಲ ಹೇಳಮ್ಮ" ಎಂದ. ಹೇಳಿದೆ. ಅವನು ಶಾಲೆಗೆ ಹೋಗುತ್ತಿದ್ದಾಗಿನಿಂದ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು, ನನಗೆ ಉಬ್ಬೋ ಉಬ್ಬು. ನಿನ್ನ ಪರ ವಹಿಸಲು ಹೋಗಿ ನಿನ್ನ ಗಂಟನ್ನೇ ಬಿಚ್ಚಿ ಹರವಿದ್ದೇನೆ ಎಂದು ಆಗ ಹೊಳೆಯಲಿಲ್ಲ. ತಟ್ಟೆ ತೊಳೆಯುವಾಗ ಒಂದು ಗಳಿಗೆ ಮನಸ್ಸು ಚುಚ್ಚಿತು. ಗಂಡ-ಹೆಂಡಿರಲ್ಲಿ ಏನು ಗುಟ್ಟು, ಒಳ್ಳೆಯದೇ ಆಯಿತು ಎಂದು ಸಮಾಧಾನ ಮಾಡಿಕೊಂಡೆ.

ಅದಾದ ಮೇಲೆ ಅವನು ಬಹಳ ಚುರುಕಾದ. ಮನೆಗೆ ಬಂದರೂ ಕಂಪ್ಯೂಟರಿನ ಮುಂದೆಯೇ. ಹೋದ ವಾರ ಪ್ರಯೋಗಾಲಯದ ವಾರ್ಷಿಕ ಸಭೆ ಇತ್ತು, "ನೀನು ಬರಲೇಬೇಕಮ್ಮ" ಎಂದು ಕರೆದುಕೊಂಡು ಹೋದ. ಮುಂದಿನ ಸಾಲಿನಲ್ಲಿ ಕೂರಿಸಿದ. ನಾನು ಆ ನೀಲಿ ಸೀರೆ ಉಟ್ಟಿದ್ದೆ, ನೀನು ಆರಿಸಿ ಕೊಟ್ಟದ್ದು. ಅವನು ವೇದಿಕೆ ಹತ್ತಿ ಕ್ಯಾಲ್ಸಿಯಂ, ಆವಿ, ಎರಡು ಎಲೆಕ್ಟ್ರಾನು ಎಂದು ಶುರು ಮಾಡಿದ. ನೋಡುತ್ತಿದ್ದ ಹಾಗೆ "ಇದು ಒಂಥರಾ ಅತ್ತೆ-ಸೊಸೆ ಜಗಳ ಇದ್ದ ಹಾಗೆ" ಎಂದ. ಸಭೆ ಘೊಳ್ಳೆಂದು ನಕ್ಕಿತು. "ನಮ್ಮಮ್ಮ ಇಲ್ಲೇ ಕೂತಿದ್ದಾರೆ, ಅದಕ್ಕೇ ಹುಷಾರಾಗಿ ಮಾತಾಡಬೇಕು" ಎಂದು ನನ್ನ ಕಡೆ ಕೈ ತೋರಿಸಿದ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಮಗಳೇ, ನಾನು ನಕ್ಕೆ. ನನ್ನ ತಮಾಷೆಗೆ ಅಷ್ಟು ಜನ ನಗುತ್ತಿದ್ದಾರಲ್ಲ ಎಂದು ಉಬ್ಬಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆ ನೆನಪಾದಾಗಲೆಲ್ಲ ಈ ಎರಡು ಕೈಯನ್ನು ಎಲ್ಲಿ ಬಚ್ಚಿಡಲಿ ಎನ್ನಿಸುತ್ತದೆ.

ಗೋಡೆಯ ಮೇಲೆ ಚಿತ್ರ ಮೂಡಿತು. ಮೊದಲು ಹಳ್ಳ, ಆಮೇಲೆ ಗುಡ್ಡ. ಲೆಕ್ಕ ಹಾಕಿ ಬರೆದ ಚಿತ್ರ, "ಅಳತೆ ನಡೀತಾ ಇದೆ, ನಮ್ಮ ತಂಡದವರೊಬ್ಬರು ಹೋಗಿದ್ದಾರೆ" ಎಂದ. ತಂಡದವರೊಬ್ಬರು! ನಿನ್ನ ಹೆಸರು ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ನಾನು ಕುರ್ಚಿಯ ತುದಿಗೆ ಸರಿದು ಕಾದೆ. ಬರಲಿಲ್ಲ. ಹಿಂದಿನಿಂದ ಯಾರೋ ಎದ್ದು "ಇದು ನಿಮಗೆ ಹೊಳೆದದ್ದು ಹೇಗೆ?" ಎಂದು ಕೇಳಿದರು. ಅವನು "ಒಂದು ದಿನ ಊಟ ಮಾಡ್ತಾ ಇದ್ದಾಗ ಹೊಳೀತು" ಎಂದ. ಊಟ ಮಾಡುತ್ತಿದ್ದದ್ದು ನಿಜ. ಬಡಿಸಿದವಳು ನಾನೇ. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಆದರೂ ಎದ್ದು ನಿಂತು ಒಂದು ಮಾತು ಹೇಳಲು ನನ್ನಿಂದ ಆಗಲಿಲ್ಲ. ಹೊಲಿದು ಹೊಲಿದು ಓದಿಸಿದ ಮಗ, ಅಷ್ಟು ಜನರ ಮುಂದೆ. ಕೊನೆಯಲ್ಲಿ ನಿಮ್ಮ ಮೇಷ್ಟ್ರು ಎದ್ದು, ಬರಲಿರುವ ಹೊಸ ಕುಲುಮೆಯನ್ನೂ ಅದರ ಕೋಣೆಯನ್ನೂ ಇವನ ಉಸ್ತುವಾರಿಗೆ ಕೊಡುತ್ತೇವೆ ಎಂದರು. ಆ ಕುಲುಮೆಗಾಗಿ ಅರ್ಜಿ ಬರೆದು ಬರೆದು ಸೋತವಳು ನೀನು. ಅದು ಬಂದರೆ ಹಗಲೂ ರಾತ್ರಿ ಅಲ್ಲೇ ಇರ್ತೀನಿ, ಮನೆಗೆ ಬರಲ್ಲ ಎಂದು ನನ್ನನ್ನು ರೇಗಿಸುತ್ತಿದ್ದವಳು ನೀನು.

ದಾರಿಯಲ್ಲಿ ಕೇಳಿದೆ, ಯಾಕೋ ಅವಳ ಹೆಸರು ಹೇಳಲಿಲ್ಲ ಎಂದು. "ಒಂದೇ ಮನೆ ಅಲ್ವೇನಮ್ಮ, ಯಾರ ಹೆಸರಾದರೇನು" ಎಂದ. ಒಂದೇ ಮನೆಯಾದರೆ ಅವಳ ಹೆಸರನ್ನೇ ಹೇಳಬಹುದಿತ್ತಲ್ಲ ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂತು. ನುಂಗಿಕೊಂಡೆ. ಮನೆಗೆ ಬಂದರೆ ಕೆಳಮನೆಯ ದಾದಿ ಆಗಲೇ ಸುದ್ದಿ ಕೇಳಿ ಕಾಯುತ್ತಿದ್ದಳು, "ಪುಣ್ಯವಂತೆ ನೀವು" ಎಂದು ನನ್ನ ಕೈ ಹಿಡಿದಳು. ಅವಳ ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತಿದೆ. ನಾನು ಸೊಕ್ಕಿನವಳಾದೆ ಎಂದು ಅವಳು ಅಂದುಕೊಂಡಿರಬೇಕು.

ಮೊನ್ನೆ ನಿನ್ನ ಪತ್ರ ಬಂತು, ಜೊತೆಗೆ ಚಿತ್ರ. "ಅತ್ತೆ, ನಮ್ಮ ಓರೆಪ್ಪ ಸ್ಪಷ್ಟವಾಗಿ ಬಂದಿದ್ದಾನೆ ನೋಡಿ, ಯಾವ ದೀಪದ ದೋಷವೂ ಅಲ್ಲ" ಎಂದು ಬರೆದಿದ್ದೆ. ಗೋಡೆಗೆ ಅಂಟಿಸೋಣವೆಂದು ಕನ್ನಡಕ ಹಾಕಿಕೊಂಡು ನೋಡಿದರೆ ಮೊದಲು ಗುಡ್ಡ, ಆಮೇಲೆ ಹಳ್ಳ. ತಲೆಕೆಳಗಾಗಿ ಹಿಡಿದಿದ್ದೇನೇನೋ ಎಂದು ತಿರುಗಿಸಿದೆ, ಹಾಗೆ ಹಿಡಿದರೆ ಅಕ್ಷರವೆಲ್ಲ ತಲೆಕೆಳಗು. ಸಭೆಯಲ್ಲಿ ಗೋಡೆಯ ಮೇಲೆ ಹಳ್ಳ ಮೊದಲಿತ್ತು, ಅದು ನನ್ನ ಕಣ್ಣಿಗೆ ಕಟ್ಟಿದೆ. ಎರಡು ಬಟ್ಟಲು ತಂದೆ. ನನ್ನ ಜಾಗದಲ್ಲಿ ಕೂತು ಆ ಭಾನುವಾರ ಕಂಡ ಹಾಗೆ ಇಟ್ಟೆ, ನೆಟ್ಟಗಿನದು ನನ್ನ ಎಡಕ್ಕೆ, ಬೋರಲಿನದು ಬಲಕ್ಕೆ. ಸರಿಯಾಗಿಯೇ ನೆನಪಿದೆಯಲ್ಲ ಎಂದು ಸುಮ್ಮನೆ ಕೂತೆ. ಆಮೇಲೆ ಏನನ್ನಿಸಿತೋ, ಎದ್ದು ಮೇಜು ಸುತ್ತಿಕೊಂಡು ಹೋಗಿ ನಿನ್ನ ಕುರ್ಚಿಯಲ್ಲಿ ಕೂತೆ. ಅಲ್ಲಿಂದ ನೋಡಿದರೆ ಬೋರಲು ಬಟ್ಟಲು ಎಡಕ್ಕೆ, ಹಳ್ಳ ಅದರ ಬಲಕ್ಕೆ, ನಿನ್ನ ಚಿತ್ರದಲ್ಲಿ ಇರುವ ಹಾಗೇ. ಬಟ್ಟೆಯ ಮಗ್ಗುಲು ನೋಡದೆ ಕತ್ತರಿಸಿ ಎರಡೂ ಎಡತೋಳು ಮಾಡಿ ಕೂತ, ನನ್ನ ಹತ್ತಿರ ಹೊಲಿಗೆ ಕಲಿಯುವ ಹುಡುಗಿಯರನ್ನು ನಾನು ಎಷ್ಟು ಬೈದಿದ್ದೇನೆ! ಈಗ ನಾನೇ ನಿನ್ನ ಓರೆಪ್ಪನನ್ನು ತಿರುವುಮುರುವು ಕತ್ತರಿಸಿದ್ದೇನೆ. ನನ್ನ ಮಗ ನನ್ನ ಹೆಗಲ ಹಿಂದೆ ನಿಂತು ನೋಡಿದ್ದನ್ನೇ ಹಾಗೇ ಹೊತ್ತುಕೊಂಡು ಹೋಗಿ ಗೋಡೆಯ ಮೇಲೆ ಮೂಡಿಸಿದ್ದಾನೆ. ಅಳತೆ ಅವನ ಹತ್ತಿರ ಇರಲಿಲ್ಲ. ಇದ್ದದ್ದು ನನ್ನ ಮಾತೊಂದೇ.

ಸಂಜೆ ಅವನಿಗೆ ನಿನ್ನ ಚಿತ್ರ ತೋರಿಸಿದೆ. ನೋಡಿದ ಕೂಡಲೇ ಮುಖ ಬಿಳಿಚಿತು. ಈ ಸೋಮವಾರ ನೀನು ಮೇಷ್ಟ್ರಿಗೆ ನಿನ್ನ ಅಳತೆ ಕಳಿಸಬೇಕಲ್ಲ, ಆವಾಗ ಎಲ್ಲರಿಗೂ ತಿಳಿಯುತ್ತದೆ. ಕೊನೆಗೆ ಅವನು ನನ್ನ ಪಕ್ಕ ಬಂದು ಕೂತು ಚಿಕ್ಕ ಮಗುವಿನ ದನಿಯಲ್ಲಿ ಹೇಳಿದ: "ನೀನು ಬರೆದರೆ ಅವಳು ಕೇಳ್ತಾಳೆ ಅಮ್ಮ. ಹೊರಡೋ ಅವಸರದಲ್ಲಿ ಅವಳೇ ನನಗೆ ಒಂದು ಚಿತ್ರ ಗೀಚಿ ಕೊಟ್ಟು ಹೋಗಿದ್ದಳು, ಅದರಲ್ಲಿ ಎಡಬಲ ಅದಲುಬದಲಾಗಿತ್ತು ಅಂತ ಮೇಷ್ಟ್ರಿಗೆ ಒಂದು ಸಾಲು ಬರೀಲಿ. ಅಷ್ಟೇ ಸಾಕು. ಹಾಗಾದ್ರೂ ಅವಳ ಹೆಸರು ಬಂದ ಹಾಗಾಯ್ತಲ್ಲ." ಹೊಳಹು ಅವನದು, ತಪ್ಪು ಮಾತ್ರ ನಿನ್ನದು ಎಂದಾಯಿತಲ್ಲ. ತಾನು ಕೇಳುತ್ತಿರುವುದು ಏನು ಎಂದು ಅವನಿಗೆ ತಿಳಿಯಲೇ ಇಲ್ಲ, ಅಥವಾ ತಿಳಿದೂ ಹೆದರಿಕೆಯಲ್ಲಿ ಕಣ್ಣು ಮುಚ್ಚಿಕೊಂಡ. ನಾನು ಅವನ ತಲೆಯ ಮೇಲೆ ಕೈಯಿಟ್ಟು ಆಯಿತು, ಬರೆಯುತ್ತೇನೆ ಎಂದೆ. ಹೆತ್ತ ಕರುಳು ನೋಡು, ಬುದ್ಧಿಗಿಂತ ಮೊದಲು ಅದೇ ಮಾತಾಡಿಬಿಡುತ್ತದೆ.

ಅದಕ್ಕೇ ಈ ಪತ್ರ. ಅವನು ಹೇಳಿದ್ದನ್ನು ಹೇಳಿದ್ದೇನೆ, ಅದರ ಹಿಂದುಮುಂದನ್ನೂ ಹೇಳಿದ್ದೇನೆ. ಅವನು ಕೆಟ್ಟವನಲ್ಲ ಎಂದು ನಿನಗೂ ಗೊತ್ತು. ನಿನ್ನ ಕಾಲು ಮುರಿದಾಗ ರಜೆ ಹಾಕಿ ನಿನ್ನನ್ನು ಎತ್ತಿಕೊಂಡು ಓಡಾಡಿದವನು. ಅವನಿಗೆ ಕುಲುಮೆ ಹೋದರೆ, ಸಭೆಯಲ್ಲಿ ತಲೆ ತಗ್ಗಿಸಬೇಕಾಗಿ ಬಂದರೆ, ಅವನು ಹೇಗೆ ತಡೆದುಕೊಳ್ಳುತ್ತಾನೋ ಎಂದು ಹೆದರಿಕೆ. ನೀನು ಆ ಸಾಲು ಬರೆದರೆ ನಿನ್ನ ಮುಖವನ್ನು ನಾನು ಇನ್ನು ಹೇಗೆ ನೋಡಲಿ ಎಂದು ಅದಕ್ಕಿಂತ ಹೆಚ್ಚಿನ ಹೆದರಿಕೆ. ನಿನಗೆ ಯಾವುದು ಸರಿ ಕಾಣುತ್ತದೋ ಹಾಗೆ ಮಾಡು. ಯಾವುದಾದರೂ ನಾನು ನಿನ್ನ ಮೇಲೆ ಬೇಸರ ಪಡುವುದಿಲ್ಲ. ನೀನು ನನ್ನ ಮೇಲೆ ಪಟ್ಟರೆ ಅದು ನ್ಯಾಯವೇ.

ಗಂಟಲು ನೋಡಿಕೋ. ಕೋಟು ಹಾಕಿಕೊಂಡೇ ಹೊರಗೆ ಹೋಗು. ನೂರು ಕಾಲ ಸುಖವಾಗಿ ಬಾಳು ತಾಯಿ, ನಿನ್ನ ಕೆಲಸ ನಿನ್ನ ಕಣ್ಣೆದುರಿಗೇ ಬೆಳೆಯಲಿ.

ಬಾಯಿಗೆ ಬೀಗ ಹಾಕಿಕೊಳ್ಳಲಾರದ ನಿನ್ನ
ಅತ್ತೆ

ಮರೆತ ಮಾತು: ಅಂಟಿಸಿದ ಲಕೋಟೆಯನ್ನು ಹರಿದು ಅಂಚೆ ಕಚೇರಿಯ ಕಿಟಕಿಯಲ್ಲಿ ನಿಂತು ಬರೆಯುತ್ತಿದ್ದೇನೆ. ಇಲ್ಲಿಯ ಪೆನ್ನಿಗೆ ದಾರ ಕಟ್ಟಿದ್ದಾರೆ, ಅದು ಹಾಳೆಯ ಕೊನೆಯವರೆಗೆ ಎಟುಕುವುದಿಲ್ಲ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಇಲ್ಲಿಗೆ ಬರಬೇಕಾದರೆ ನಿಮ್ಮ ಪ್ರಯೋಗಾಲಯದ ಮುಂದೆಯೇ ಹಾದು ಬರಬೇಕಲ್ಲ. ಗೇಟಿನ ಹತ್ತಿರ ಕಾಲು ಮುಂದೆ ಹೋಗಲಿಲ್ಲ. ನಿನಗೆ ಸರಿ ಕಂಡ ಹಾಗೆ ಮಾಡು ಎಂದು ಬರೆದೆನಲ್ಲ, ಅದು ಹೇಡಿ ಮಾತು. ಹಾಗೆ ಬಿಟ್ಟರೆ ನೀನು ಗಂಡನ ಮೇಲೆ ದೂರು ಹೇಳಬೇಕು, ಇಲ್ಲವೇ ಇಲ್ಲದ ತಪ್ಪು ಹೊರಬೇಕು. ನಾನು ಚೆಲ್ಲಿದ್ದನ್ನು ನೀನು ಯಾಕೆ ಬಾಚಬೇಕು? ಒಳಗೆ ಹೋಗಿ ಮೇಷ್ಟ್ರನ್ನು ಕಂಡೆ. ಅವರ ಮೇಜಿನ ಮೇಲೆ ಎರಡು ಲೋಟ ಇದ್ದವು, ಒಂದನ್ನು ಬೋರಲು ಹಾಕಿ ಒಂದನ್ನು ನೆಟ್ಟಗಿಟ್ಟು ಎಲ್ಲ ಹೇಳಿದೆ. ಹೇಳುವಾಗ ನನ್ನ ಮಗನ ಹೆಸರು ಬಂದ ಕಡೆಯೆಲ್ಲ ತಲೆ ತಾನಾಗಿ ಬಗ್ಗಿತು. ಅವರು ಕೇಳಿದ್ದು ಒಂದೇ: "ನೀವು ಯಾವ ಕಡೆ ಕೂತಿದ್ರಿ?" ತೋರಿಸಿದೆ. ಎದ್ದುಬಂದು ನನ್ನ ಕಡೆಯಿಂದ ನೋಡಿದರು, ಆಮೇಲೆ ಆ ಕಡೆ ಹೋಗಿ ನೋಡಿದರು. ಕನ್ನಡಕ ತೆಗೆದು ಒರೆಸಿ, "ಅವರು ಬರೋ ತನಕ ಹೊಸ ಕುಲುಮೆಗೆ ಬೆಂಕಿ ಹಾಕೋದು ಬೇಡ" ಎಂದರು. ಅವರು ಎಂದರೆ ನೀನು. ಇವನನ್ನು ನಾಳೆ ಬೆಳಿಗ್ಗೆ ಕರೆಸುತ್ತಾರಂತೆ. ಅದಕ್ಕೆ ಮುಂಚೆ ನಾನೇ ಅವನಿಗೆ ಹೇಳುತ್ತೇನೆ ಎಂದು ಕೇಳಿಕೊಂಡು ಬಂದಿದ್ದೇನೆ. ಹೆತ್ತ ಮಗನ ಮೇಲೆ ಚಾಡಿ ಹೇಳಿ ಬಂದೆ ಎನ್ನುವ ನಾಚಿಕೆ ಈಗ ಹೊಸದಾಗಿ ಸೇರಿಕೊಂಡಿದೆ, ಅದನ್ನು ಯಾರಿಗೆ ಬರೆಯಲಿ? ನೀನು ನಿನ್ನ ಚಿತ್ರವನ್ನು ಇದ್ದ ಹಾಗೇ ಕಳಿಸು, ಬೇರೆ ಒಂದು ಸಾಲೂ ಬರೆಯಬೇಡ. ಕಿಟಕಿ ಮುಚ್ಚುತ್ತಿದ್ದಾರೆ. ಅವನು ಊಟಕ್ಕೆ ಬರುವ ಹೊತ್ತಾಯಿತು. ಇವತ್ತು ಅವನನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ನಾನು ನಿನ್ನ ಕುರ್ಚಿಯಲ್ಲಿ ಕೂತು ಹೇಳುತ್ತೇನೆ.